ತಕ್ಕಡಿ ಅಂಗಡಿಯ ಹಿಂದೆ ಸುನಂದಮ್ಮನ ಕಿವಿ

ಹುಣಸೂರಿನ ಬಸ್ ನಿಲ್ದಾಣದ ಎದುರು ಸಾಲಿನಲ್ಲಿರುವ ತಕ್ಕಡಿ ರಿಪೇರಿ ಅಂಗಡಿಯ ಹಲಗೆ ಬಾಗಿಲು ಇನ್ನೂ ತೆರೆದಿಲ್ಲ. ಒಳಗೆ ಮಂದ ಬೆಳಕಿನ ಬಲ್ಬು ಉರಿಯುತ್ತಿದೆ. ಚಾಪೆಯ ಮೇಲೆ ಕೂತ ಸುನಂದಮ್ಮ ಕಣ್ಣು ಮುಚ್ಚಿಕೊಂಡು, ಎಡಗಿವಿಯನ್ನು ಒಂದು ಕೆಂಪು ಗಿಟಾರಿನ ಒಡಲಿಗೆ ಒತ್ತಿ ಹಿಡಿದಿದ್ದಾರೆ. ಎದುರಿಗೆ ಕುಕ್ಕರುಗಾಲಿನಲ್ಲಿ ಕೂತ ಗಂಡ ನಂಜಣ್ಣ ಒಂದು ತಂತಿ ಮೀಟುತ್ತಾರೆ, ಹೆಂಡತಿಯ ಮುಖ ನೋಡುತ್ತಾರೆ, ಬಿರಡೆ ತಿರುವುತ್ತಾರೆ.

"ಇಳದದೆ. ಇನ್ನೊಂಚೂರು ಏರ್ಸಿ. ಇನ್ನೊಂಚೂರು... ಸಾಕು, ಸಾಕು ಅಂದ್ನಲ್ಲಾ! ಜಾಸ್ತಿ ಆಯ್ತು ನೋಡಿ."

ನಂಜಣ್ಣ ಗೊಣಗದೆ ಹಿಂದಕ್ಕೆ ತಿರುವುತ್ತಾರೆ. ಬೇರೆ ಹೊತ್ತಿನಲ್ಲಿ ಹೆಂಡತಿ ಇಷ್ಟು ಜೋರು ಮಾಡಿದರೆ ಅವರು ಸುಮ್ಮನಿರುವ ಗಂಡಸಲ್ಲ. ಆದರೆ ಮಡಿಕೇರಿಯ ಮೊದಲ ಬಸ್ಸು ಹೊರಡುವವರೆಗೂ ಈ ಅಂಗಡಿಯಲ್ಲಿ ನಡೆಯುವುದು ಸುನಂದಮ್ಮನ ಮಾತೇ. ಅಲ್ಲಿಂದ ಮುಂದೆ ಹೊಗೆಸೊಪ್ಪಿನ ಗಾಡಿಗಳು, ಲಾರಿಗಳು, ಕೂಲಿಯಾಳುಗಳ ಕೂಗಾಟ ಶುರುವಾಗುತ್ತದೆ. ಅದಕ್ಕೇ ಕಿವಿಯ ಕೆಲಸವೆಲ್ಲ ಊರು ಏಳುವ ಮುಂಚೆಯೇ ಮುಗಿಯಬೇಕು.

"ಬಸ್ಸು ಶುರುವಾದ್ರೆ ಮುಗೀತು ಕಣ್ರೀ," ಎನ್ನುತ್ತಾರೆ ಸುನಂದಮ್ಮ. "ಆ ಡ್ರೈವರಪ್ಪ ಹಾರನ್ ಹೊಡೀತಾನಲ್ಲ, ಅದು ಕಾಪಿ ಕುಡಿದು ಮುಗಿಸೋಗಂಟ ಕಿವಿ ಒಳಗೇ ಕೂತಿರ್ತದೆ. ಆಮೇಲೆ ಯಾವ ತಂತಿ ಏನು ಅಂತದೋ ನಂಗೊಂದೂ ತಿಳಿಯಾಕಿಲ್ಲ."

ಇವತ್ತು ಅವಸರಕ್ಕೆ ಬೇರೆಯದೇ ಕಾರಣವಿದೆ. ಇಳಿಹೊತ್ತಿಗೆ ಕೃಷ್ಣರಾಜನಗರದಿಂದ ಆರ್ಕೆಸ್ಟ್ರಾದ ಮೆಟಡೋರ್ ವ್ಯಾನು ಬಂದು ಈ ಅಂಗಡಿಯ ಮುಂದೆ ನಿಲ್ಲಲಿದೆ. ಗಿಟಾರು ಸರಿಯಾಗಿದ್ದರೆ ಅದರ ಒಡೆಯ, ಸಾಲಿಗ್ರಾಮದ ಪುಟ್ಟಸ್ವಾಮಿ, ವ್ಯಾನು ಹತ್ತಿ ಪಿರಿಯಾಪಟ್ಟಣದ ಕಾರ್ಯಕ್ರಮಕ್ಕೆ ಹೋಗುತ್ತಾನೆ. ಇಲ್ಲದಿದ್ದರೆ ಅವನ ಜಾಗಕ್ಕೆ ಮೈಸೂರಿನ ಹುಡುಗನೊಬ್ಬ ತನ್ನದೇ ಗಿಟಾರು ಹಿಡಿದು ಸಿದ್ಧನಾಗಿ ಕೂತಿದ್ದಾನೆ. ಹೀಗೆಂದು ಆರ್ಕೆಸ್ಟ್ರಾದ ಮಾಲೀಕ ಮಹದೇವಪ್ಪ ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದ್ದಾರೆ. ಒಮ್ಮೆ ತಪ್ಪಿದ ಜಾಗ ಮತ್ತೆ ಸಿಗುವುದಿಲ್ಲ ಎಂಬುದು ಪುಟ್ಟಸ್ವಾಮಿಗೂ ಗೊತ್ತು, ಸುನಂದಮ್ಮನಿಗೂ ಗೊತ್ತು. ಗಿಟಾರನ್ನು ಇಲ್ಲಿಗೆ ತರಲು ಒಲ್ಲೆನೆಂದವನಿಗೆ "ನಾನು ಜವಾಬ್ದಾರಿ, ತಕ್ಕೊಂಡು ಬಾ" ಎಂದವರು ಅವರೇ.

ಪುಟ್ಟಸ್ವಾಮಿ ಒಲ್ಲೆನೆಂದದ್ದಕ್ಕೆ ಕಾರಣವಿಲ್ಲದಿಲ್ಲ. ಆ ಕಥೆ ಹೇಳುವ ಮುಂಚೆ ಈ ಗಿಟಾರಿನ ಕಥೆ ಹೇಳಬೇಕು.

ಇದು ಜಪಾನಿನಲ್ಲಿ ತಯಾರಾದದ್ದು. ಬೈಲಕುಪ್ಪೆಯ ಟಿಬೆಟನ್ನರ ಶಿಬಿರ ನೋಡಲು ಬಂದ ಉದ್ದಗೂದಲಿನ ಪರದೇಶಿಯೊಬ್ಬ ಜ್ವರ ಹತ್ತಿ ಪಿರಿಯಾಪಟ್ಟಣದ ಛತ್ರದಲ್ಲಿ ಮಲಗಿಬಿಟ್ಟಿದ್ದ. ಆಗ ಅಲ್ಲೇ ಹೋಟೆಲಿನಲ್ಲಿ ಕೆಲಸಕ್ಕಿದ್ದ ಪುಟ್ಟಸ್ವಾಮಿ ಅವನಿಗೆ ಗಂಜಿ ಕೊಟ್ಟು, ಮಾತ್ರೆ ನುಂಗಿಸಿ, ಎದ್ದು ಓಡಾಡುವ ಹಾಗೆ ಮಾಡಿದ. ಹೊರಡುವ ದಿನ ಆ ಪರದೇಶಿ ಪೆಟ್ಟಿಗೆ ಸಮೇತ ಗಿಟಾರನ್ನು ಇವನ ಕೈಗಿಟ್ಟು ಬಸ್ಸು ಹತ್ತಿದ. ಪುಟ್ಟಸ್ವಾಮಿ ಯಾರ ಹತ್ತಿರವೂ ಪಾಠ ಹೇಳಿಸಿಕೊಳ್ಳದೆ, ರೇಡಿಯೋದ ಮುಂದೆ ಕೂತು ಬೆರಳು ಸವೆಸಿಕೊಂಡು ಕಲಿತ. ಈಗ ಈ ನಾಲ್ಕು ತಾಲ್ಲೂಕಿನಲ್ಲಿ ಎಲ್ಲಿ ಆರ್ಕೆಸ್ಟ್ರಾ ನಡೆದರೂ ಕೆಂಪು ಗಿಟಾರಿನವನು ಎಂದರೆ ಅವನೇ.

ಬೇರೆ ಗಿಟಾರುಗಳಲ್ಲಿ ತಂತಿ ಕೂರುವ ಕುದುರೆಯನ್ನು ಹಲಗೆಗೆ ಅಲುಗಾಡದಂತೆ ಬಿಗಿದಿರುತ್ತಾರೆ. ಇದರ ಕುದುರೆ ತೇಲುತ್ತದೆ. ಮೇಲಿನಿಂದ ಆರು ತಂತಿಗಳು ಅದನ್ನು ಮುಂದಕ್ಕೆ ಎಳೆಯುತ್ತವೆ. ಗಿಟಾರಿನ ಬೆನ್ನಿನಲ್ಲಿ ಕೊರೆದ ಗೂಡಿನೊಳಗಿನ ಸ್ಪ್ರಿಂಗುಗಳು ಹಿಂದಕ್ಕೆ ಎಳೆಯುತ್ತವೆ. ಎರಡೂ ಎಳೆತ ಸಮವಾದಾಗ ಕುದುರೆ ನಡುವೆ ಮಟ್ಟವಾಗಿ ನಿಲ್ಲುತ್ತದೆ. ಪಕ್ಕದಲ್ಲೊಂದು ಸರಳಿದೆ. ಅದನ್ನು ಒತ್ತಿದರೆ ಸ್ವರ ಜಾರಿ ಕೆಳಗಿಳಿಯುತ್ತದೆ, ಬಿಟ್ಟರೆ ಮೊದಲಿದ್ದಲ್ಲಿಗೆ ಬಂದು ನಿಲ್ಲಬೇಕು. ಜನ ಶಿಳ್ಳೆ ಹೊಡೆಯುವುದು ಆ ಜಾರಿಕೆಗೇ.

ತೊಂದರೆ ಬಂದದ್ದು ತಂತಿಯಿಂದ. ಪರದೇಶಿ ಬಿಟ್ಟುಹೋದ ಸಣ್ಣ ತಂತಿಗಳು ಒಂದೊಂದಾಗಿ ಹರಿದುಹೋದವು. ಮೈಸೂರಿನಲ್ಲಿ ಹುಡುಕಿದರೆ ಸಿಕ್ಕಿದ್ದು ಅದಕ್ಕಿಂತ ದಪ್ಪನೆಯವು. ದಪ್ಪ ತಂತಿಯನ್ನು ಅದೇ ಸ್ವರಕ್ಕೆ ಏರಿಸಬೇಕಾದರೆ ಎಳೆತ ಹೆಚ್ಚಬೇಕು. ಎಳೆತ ಹೆಚ್ಚಿದರೆ ಕುದುರೆಯ ಹಿಂಭಾಗ ಹಲಗೆ ಬಿಟ್ಟು ಮೇಲೆದ್ದು ಮುಂದಕ್ಕೆ ಬಾಗುತ್ತದೆ, ತಂತಿಗಳು ಕತ್ತಿನ ಮೇಲಿನ, ಬೆರಳೊತ್ತುವ ಮೆಟ್ಟಿಲುಗಳಿಂದ ದೂರ ಹೋಗುತ್ತವೆ, ಒಂದನ್ನು ಸರಿಮಾಡಿದರೆ ಉಳಿದ ಐದೂ ಕೆಡುತ್ತವೆ. ಹೀಗೆ ಒಂದರ ಹಿಂದೊಂದನ್ನು ಅಟ್ಟಿಸಿಕೊಂಡು ಹೋಗಿ ಸೋತ ಪುಟ್ಟಸ್ವಾಮಿ, ಸ್ಪ್ರಿಂಗಿನ ಕೆಲಸ ಬಲ್ಲವರು ಯಾರೆಂದು ವಿಚಾರಿಸಿದಾಗ ಜನ ತೋರಿಸಿದ್ದು ಹುಣಸೂರಿನ ನಂಜಣ್ಣನನ್ನು.

ನಂಜಣ್ಣನದು ತಂದೆಯ ಕಾಲದಿಂದ ಬಂದ ತಕ್ಕಡಿ ಕಸುಬು. ಸೇರು ಹೋಗಿ ಕಿಲೋ ಬಂದಾಗ ಸುತ್ತಲ ಸಂತೆಗಳ ತಕ್ಕಡಿಗಳನ್ನೆಲ್ಲ ಕೈಯಾಡಿಸಿ ಸರಿಮಾಡಿದವರು. ಹೊಗೆಸೊಪ್ಪು ತೂಗುವ ದೊಡ್ಡ ಕಾಟಾದಿಂದ ಹಿಡಿದು ಅಕ್ಕಸಾಲಿಗರ ಪುಟಾಣಿ ತಕ್ಕಡಿಯವರೆಗೆ ಎಲ್ಲವೂ ಅವರ ಮುಂದೆ ಬಂದು ಕೂರುತ್ತವೆ. ಹೆಗ್ಗಡದೇವನಕೋಟೆಯ ಕಾಡಂಚಿನ ಎನ್. ಬೇಗೂರಿಗೂ ಹೋಗಿ ಬರುತ್ತಾರೆ. ಅಲ್ಲಿ ಕಾಡಿನ ಹಾಡಿಗಳಲ್ಲಿರುವ ಜನ ತಂದ ಜೇನು, ಸೀಗೆಕಾಯಿ ತೂಗುವ ತಕ್ಕಡಿಯಿದೆ. ನಂಜಣ್ಣ ರಿಪೇರಿ ಮುಗಿಸಿದ ಮೇಲೆ ಹಾಡಿಯ ಚಿಕ್ಕಮಾದಿ ಎಂಬ ಹೆಂಗಸು ಎದುರು ಬಂದು ನಿಂತು, "ಬರೀ ತಕ್ಕಡಿ ತೋರ್ಸಣ್ಣ ಮೊದ್ಲು" ಎನ್ನುತ್ತಾಳೆ. ತಟ್ಟೆಗಳನ್ನು ಖಾಲಿ ಮಾಡಿ ಮುಳ್ಳು ನಡುವೆ ನಿಂತದ್ದನ್ನು ತೋರಿಸಿದ ಮೇಲೆಯೇ ಅವಳು ಜೇನಿನ ಡಬ್ಬ ಇಡುವುದು. ನಂಜಣ್ಣನ ತಂದೆ ಹೇಳಿಕೊಟ್ಟ ಮೊದಲ ಪಾಠವೂ ಅದೇ: ಯಾವ ತಕ್ಕಡಿಯೇ ಬರಲಿ, ಭಾರವನ್ನೆಲ್ಲ ಇಳಿಸಿ, ಖಾಲಿಯಿದ್ದಾಗ ಅದು ಹೇಗೆ ನಿಲ್ಲುತ್ತದೆ ನೋಡಿಕೊಂಡು ಆಮೇಲೆ ಕೈ ಹಚ್ಚಬೇಕು.

ಎರಡು ವರ್ಷದ ಹಿಂದೆ ಗಿಟಾರು ಮೊದಲ ಸಲ ಅಂಗಡಿಗೆ ಬಂದಾಗ ಅವರು ಮಾಡಿದ್ದೂ ಅದನ್ನೇ. ಆರೂ ತಂತಿಗಳನ್ನು ಒಟ್ಟಿಗೆ ಕಳಚಿ ಖಾಲಿ ಮಾಡಿದರು. ಎದುರಿನ ಎಳೆತ ತಪ್ಪಿದ ಕುದುರೆ ಫಟ್ಟೆಂದು ಹಿಂದಕ್ಕೆ ಬಿತ್ತು. ಸಡಿಲಗೊಂಡ ಸ್ಪ್ರಿಂಗೊಂದು ಕೊಕ್ಕೆಯಿಂದ ಕಳಚಿಕೊಂಡಿತು. ಹಿಂದೆ ಅದು ಯಾವ ಮಟ್ಟದಲ್ಲಿತ್ತು ಎಂಬ ಗುರುತೇ ಉಳಿಯಲಿಲ್ಲ. ತಕ್ಕಡಿಗೆ ಖಾಲಿಯಿದ್ದಾಗಲೂ ಒಂದು ನಿಲುವಿದೆ, ಈ ಗಿಟಾರಿಗೆ ಅದಿಲ್ಲ. ಭಾರವಿದ್ದರೆ ಮಾತ್ರ ಅದು ನಿಲ್ಲುತ್ತದೆ. ಇದು ನಂಜಣ್ಣನಿಗೆ ತಿಳಿಯುವಷ್ಟರಲ್ಲಿ ಕಾರ್ಯಕ್ರಮದ ಹೊತ್ತಾಗಿತ್ತು. ಅವತ್ತು ಪುಟ್ಟಸ್ವಾಮಿ ವೇದಿಕೆಯ ಮೂಲೆಯಲ್ಲಿ ಗಿಲಕಿ ಅಲ್ಲಾಡಿಸುತ್ತ ನಿಂತಿದ್ದ. ಅವನೂರಿನವರೇ ಮುಂದಿನ ಸಾಲಿನಲ್ಲಿ ಕೂತು ನಕ್ಕರು. ಬಹಳ ದಿನ ಅವನು ಈ ಬೀದಿಯಲ್ಲಿ ಹಾಯಲಿಲ್ಲ. ಯಾರೋ ಮೈಸೂರಿನವರು ಮತ್ತೆ ಸಣ್ಣ ತಂತಿ ಹೊಂದಿಸಿಕೊಟ್ಟು ಅವನ ಬಂಡಿ ಸಾಗಿಸಿದರು. ಈಗ ಅವೂ ಮುಗಿದಿವೆ.

"ಬರೀ ತಕ್ಕಡಿ ನೋಡೋದು ನಮ್ಮಪ್ಪ ಕಲಿಸಿದ್ದು. ಅದು ತಪ್ಪಲ್ಲ," ಎಂದು ನಂಜಣ್ಣ ಈಗಲೂ ಸಾಧಿಸುತ್ತಾರೆ. ಆಮೇಲೆ ತಾವೇ, "ಗಿಟಾರು ತಕ್ಕಡಿ ಅಲ್ಲ, ಅಷ್ಟೆಯಾ," ಎಂದು ಸೇರಿಸುತ್ತಾರೆ.

ಆ ಸೋಲಿನ ದಿನವೇ ಸುನಂದಮ್ಮ ಒಳಮನೆಯಿಂದ ಅಂಗಡಿಗೆ ಬಂದದ್ದು. ಅಲ್ಲಿಯವರೆಗೆ ಗಂಡನ ಕೆಲಸದಲ್ಲಿ ಅವರು ತಲೆ ಹಾಕಿದವರಲ್ಲ. ನಂಜಣ್ಣನ ಕಣ್ಣು ಚುರುಕು, ಕೈ ಇನ್ನೂ ಚುರುಕು. ಆದರೆ ಸ್ವರದ ವಿಷಯದಲ್ಲಿ ದೇವರು ಅವರಿಗೆ ಮೋಸ ಮಾಡಿದ್ದಾನೆ. ಎರಡು ತಂತಿ ಮೀಟಿ ಯಾವುದು ಮೇಲಿನದು ಎಂದರೆ ತಲೆ ಕೆರೆದುಕೊಳ್ಳುತ್ತಾರೆ. ಸುನಂದಮ್ಮನ ತಂದೆ ಕಂಪನಿ ನಾಟಕದವರ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದವರು. ಮಗಳಿಗೆ ಅವರು ಬಾರಿಸುವುದನ್ನು ಕಲಿಸಲಿಲ್ಲ. ಅದರಿಂದ ಬಿಚ್ಚಿದ, ನಾದ ಹೊರಡಿಸುವ ಹಿತ್ತಾಳೆಯ ರೀಡುಗಳ ರಾಶಿಯ ಮುಂದೆ ಕೂರಿಸಿ, ಒಂದೊಂದನ್ನೇ ಬಾಯಿಂದ ಊದಿ, ಯಾವುದು ದಾರಿ ತಪ್ಪಿದೆ ಹೇಳು ಎನ್ನುತ್ತಿದ್ದರು.

"ನನ್ನ ಕೈಗೆ ಹಾರ್ಮೋನಿ ಕೊಡ್ನಿಲ್ಲ, ಕೆಟ್ಟೋದ ರೀಡು ಕೊಟ್ರು," ಎಂದು ಸುನಂದಮ್ಮ ನಗುತ್ತಾರೆ. "ಹಂಗಾಗಿ ನಂಗೆ ಬರೋದು ಒಂದೇ, ತಪ್ಪು ಕೇಳೋದು."

ಆ ಹಳೇ ರೀಡುಗಳಲ್ಲಿ ಆರನ್ನು ಆರಿಸಿ ಒಂದು ಮರದ ತುಂಡಿಗೆ ಕೂರಿಸಿಕೊಂಡಿದ್ದಾರೆ. ಗಿಟಾರಿನ ಒಂದೊಂದು ತಂತಿಗೆ ಒಂದೊಂದು ರೀಡು. ಸ್ವರಗಳ ಇಂಗ್ಲಿಷ್ ಹೆಸರು ಅವರಿಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ದಪ್ಪ ತಂತಿಗೆ ಯಜಮಾನ, ತೀರ ಸಣ್ಣದಕ್ಕೆ ಕಿರಿ ಸೊಸೆ ಎಂದು ಹೆಸರಿಟ್ಟುಕೊಂಡಿದ್ದಾರೆ. ಪುಟ್ಟಸ್ವಾಮಿಯ ಗಿಟಾರಿನಲ್ಲಿ ಕೈಸುಟ್ಟುಕೊಂಡ ಮೇಲೆ, ಮಡಿಕೇರಿ ಕಡೆಯ ಕಾಫಿ ತೋಟದವರ ಗಿಟಾರುಗಳೂ ಒಂದೆರಡು ಬಂದು ಹೋಗಿವೆ. ಅವು ಚೆನ್ನಾಗಿಯೇ ಆದವು. ಹೆಸರು ಬಂದದ್ದು ಮಾತ್ರ ನಂಜಣ್ಣನಿಗೆ. ಬಾಗಿಲು ತೆರೆಯುವ ಹೊತ್ತಿಗೆ ಸುನಂದಮ್ಮ ಒಲೆಯ ಮುಂದೆ ಇರುವುದರಿಂದ ಬಂದವರಿಗೆ ಕಾಣುವುದು ನಂಜಣ್ಣನ ಕೈಯಲ್ಲಿರುವ ತಿರುಪುಳಿ ಒಂದೇ.

ಈ ಸಲದ ಕೆಲಸ ನಿನ್ನೆಯೇ ಶುರುವಾಗಿದೆ. ಮೊದಲು ಬೆನ್ನಿನ ಗೂಡಿನಲ್ಲಿ, ಕುದುರೆಯ ಕೆಳಗಿಳಿದ ಕಬ್ಬಿಣದ ಗಟ್ಟಿಗೂ ಮರದ ಗೋಡೆಗೂ ನಡುವೆ ಒಂದು ಬಿದಿರಿನ ಬೆಣೆ ಕೊಟ್ಟರು. ಹೊಗೆಸೊಪ್ಪು ಪೋಣಿಸುವ ಕಡ್ಡಿಯಿಂದ ಸೀಳಿದ ಬೆಣೆ ಅದು. ಎಷ್ಟೇ ಎಳೆದರೂ ಕುದುರೆ ಮುಂದಕ್ಕೆ ಬಾಗದ ಹಾಗೆ ಅದು ತಡೆದು ನಿಂತಿತು. ಆಮೇಲೆ ಒಂದು ಹಳೇ ತಂತಿ ತೆಗೆದು, ಅದರ ಜಾಗಕ್ಕೆ ಹೊಸ ದಪ್ಪ ತಂತಿ ಕಟ್ಟಿ, ಅದು ಬಿಗಿಯಾದ ಮೇಲಷ್ಟೇ ಇನ್ನೊಂದಕ್ಕೆ ಕೈ ಹಾಕಿದರು. ಒಟ್ಟಿಗೆ ಎಲ್ಲವನ್ನೂ ಬಿಚ್ಚುವ ಮಾತನ್ನು ಈ ಮನೆಯಲ್ಲಿ ಈಗ ಯಾರೂ ಆಡುವುದಿಲ್ಲ.

ಇವತ್ತು ನಸುಕಿನಲ್ಲಿ ಆರು ತಂತಿಗಳೂ ರೀಡಿಗೆ ಸರಿಯಾಗಿ ಕೂಡಿದವು. ಬೆಣೆ ತಡೆದಿದ್ದರಿಂದ ಒಂದನ್ನು ಏರಿಸಿದರೆ ಇನ್ನೊಂದು ಇಳಿಯುವ ಕಾಟವಿರಲಿಲ್ಲ. ಇನ್ನು ಬೆಣೆ ಹೊತ್ತ ಭಾರವನ್ನು ಸ್ಪ್ರಿಂಗುಗಳು ಹೊರಬೇಕು. ನಂಜಣ್ಣ ಗಿಟಾರನ್ನು ತೊಡೆಯ ಮೇಲೆ ಅಡ್ಡ ನಿಲ್ಲಿಸಿ, ಬೆನ್ನು ಕೊಂಚ ಕೆಳಕ್ಕೆ ವಾಲುವಂತೆ ಹಿಡಿದು, ಸ್ಪ್ರಿಂಗುಗಳ ಕೊಕ್ಕೆಪಟ್ಟಿಯನ್ನು ಬಿಗಿಯುವ ಎರಡು ತಿರುಪುಗಳನ್ನು ಸರದಿಯ ಮೇಲೆ ತಿರುಗಿಸುತ್ತಾರೆ. ತಿರುಪು ಕೊನೆ ಮುಟ್ಟಿದರೂ ಬೆಣೆ ಅಲ್ಲಾಡುವುದಿಲ್ಲ. ಮೂರು ಸ್ಪ್ರಿಂಗು ಸಾಲದು. ಪರದೇಶಿಯ ಪೆಟ್ಟಿಗೆಯ ಮೂಲೆಯಲ್ಲಿ ಕೆಲಸವಿಲ್ಲದೆ ಬಿದ್ದಿದ್ದ ನಾಲ್ಕನೆಯದನ್ನು ಹುಡುಕಿ ಸಿಕ್ಕಿಸುತ್ತಾರೆ. ತಿರುಪನ್ನು ಸಡಿಲಿಸಿ ಮತ್ತೆ ಮೊದಲಿಂದ ಬಿಗಿಯುತ್ತ ಬರುತ್ತಾರೆ. ಇನ್ನೊಂದು ಸುತ್ತು, ಇನ್ನರ್ಧ ಸುತ್ತು. ಬೆಣೆ ತಾನಾಗಿ ಜಾರಿ ನಂಜಣ್ಣನ ಪಂಚೆಯ ಮೇಲೆ ಬೀಳುತ್ತದೆ.

"ಮೀಟಿ," ಎನ್ನುತ್ತಾರೆ ಸುನಂದಮ್ಮ.

ಆರೂ ತಂತಿಗಳು ಇದ್ದಲ್ಲೇ ಇವೆ. ಕುದುರೆ ಹಲಗೆಯಿಂದ ಕೊಂಚ ಮೇಲೆ ಮಟ್ಟವಾಗಿ ತೇಲುತ್ತಿದೆ. ಇನ್ನು ಹನ್ನೆರಡನೇ ಮೆಟ್ಟಿಲಿನ ಪರೀಕ್ಷೆ. ಅಲ್ಲಿ ತಂತಿಯನ್ನು ಸುಮ್ಮನೆ ಮುಟ್ಟಿ ಮೀಟಿದಾಗ ಬರುವ ನಾದವೂ ಒತ್ತಿ ಮೀಟಿದಾಗ ಬರುವ ನಾದವೂ ಒಂದೇ ಆಗಬೇಕು. ಹೊಸ ದಪ್ಪ ತಂತಿಗಳಲ್ಲಿ ಒತ್ತಿ ಮೀಟಿದ ನಾದ ಕೊಂಚ ಏರಿಬಿಡುತ್ತದೆ. ಸುನಂದಮ್ಮ ಬೆರಳೆತ್ತಿದಾಗಲೆಲ್ಲ ನಂಜಣ್ಣ ಕುದುರೆಯ ಮೇಲೆ ಆ ತಂತಿ ಕೂರುವ ಪುಟ್ಟ ಆಸನವನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸುತ್ತಾರೆ. ಕೊನೆಯ ತಂತಿ ಮುಗಿಯುವ ಹೊತ್ತಿಗೆ ಮಡಿಕೇರಿ ಬಸ್ಸಿನ ಹಾರನ್ನು ಕೇಳಿಸುತ್ತದೆ. ಸುನಂದಮ್ಮ ಎದ್ದು ಸೆರಗು ಕೊಡವಿ ಕಾಫಿಗೆ ನೀರಿಡಲು ಹೋಗುತ್ತಾರೆ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮಧ್ಯಾಹ್ನ ಪುಟ್ಟಸ್ವಾಮಿ ಬಂದ. ನಿಂತುಕೊಂಡೇ ಗಿಟಾರು ಎತ್ತಿಕೊಂಡು ನುಡಿಸಿದ, ಮುಖ ಸ್ವಲ್ಪ ಸಡಿಲವಾಯಿತು. ಸರಳನ್ನು ಒತ್ತಿ ಬಿಟ್ಟ. ಮುಖ ಹುಳ್ಳಗಾಯಿತು. ಮತ್ತೆ ಒತ್ತಿ ಬಿಟ್ಟ. ಕಿವಿ ಇದ್ದವರಿಗೆಲ್ಲ ತಿಳಿಯುವಂತೆ ಅಪಸ್ವರ.

"ನಂಗೊತ್ತಿತ್ತು," ಎಂದ ಪುಟ್ಟಸ್ವಾಮಿ. "ನಂಜಣ್ಣ, ಇದ್ರ ಸಾವಾಸ ನಿಮ್ಗೆ ಬ್ಯಾಡ ಅಂತ ನಾನು ಆವತ್ತೇ ಅಂದಿದ್ದೆ. ಅಕ್ಕನ ಮಾತು ಕಟ್ಕೊಂಡು ತಂದೆ ನೋಡಿ, ನಂಗೆ ಬುದ್ಧಿ ಇಲ್ಲ. ಈಗ ಮಹದೇವಪ್ಪೋರಿಗೆ ಏನಂತ ಹೇಳ್ಲಿ?"

ನಂಜಣ್ಣ ಸ್ಪ್ರಿಂಗಿನದೇ ತಪ್ಪೆಂದು ಬಗೆದು ಬೆನ್ನಿನ ಮುಚ್ಚಳಕ್ಕೆ ತಿರುಪುಳಿ ಹಚ್ಚಿದರು. ಅದನ್ನು ಮತ್ತೆ ಬಿಚ್ಚಿದರೆ ಇಡೀ ಕೆಲಸ ಮೊದಲಿಂದ ಶುರು, ವ್ಯಾನು ಬರುವ ಮುಂಚೆ ಮುಗಿಯುವ ಮಾತೇ ಇಲ್ಲ. ಒಳಗಿಂದ ಬಂದ ಸುನಂದಮ್ಮ ಗಂಡನ ಕೈ ಹಿಡಿದರು. ಹೊರಗಿನವನೊಬ್ಬನ ಎದುರು ಅವರು ಹಾಗೆ ಕೈ ಹಿಡಿದದ್ದು ಅದೇ ಮೊದಲು.

"ತಡೀರಿ. ಹಿಂದ್ಗಡೆ ಮುಟ್ಬ್ಯಾಡಿ. ಪುಟ್ಟಸ್ವಾಮಿ, ಒಂದೊಂದೇ ತಂತಿ ಮೀಟಪ್ಪ."

ಅವನು ಬೇಸರದಿಂದಲೇ ಮೀಟಿದ. ಕಿರಿ ಸೊಸೆ ಸರಿಯಿದ್ದಳು. ಮುಂದಿನ ನಾಲ್ಕೂ ಸರಿಯಿದ್ದವು. ಯಜಮಾನ ಒಬ್ಬ ಮಾತ್ರ ತನ್ನ ಜಾಗದಿಂದ ಏರಿ ನಿಂತಿದ್ದ.

"ಸ್ಪ್ರಿಂಗು ತಪ್ಪಾಗಿದ್ರೆ ಆರೂ ತಪ್ಪಬೇಕಾಗಿತ್ತಲ್ವಾ? ಇದೊಂದೇ ಯಾಕೆ ತಪ್ಪದೆ?" ಎಂದರು ಸುನಂದಮ್ಮ.

ಬೀದಿಯಲ್ಲಿ ಲಾರಿಯೊಂದು ಗುರುಗುಟ್ಟುತ್ತ ನಿಂತಿತ್ತು. ಅವರು ಅಂಗಡಿಯ ಹಲಗೆಗಳನ್ನು ಹಾಕಿಸಿದರು, ನೆಲಕ್ಕೆ ಕೂತರು, ಗಿಟಾರಿನ ತಲೆಯನ್ನೇ ಎಳೆದು ಕಿವಿಗೆ ಒತ್ತಿಕೊಂಡರು. ಪುಟ್ಟಸ್ವಾಮಿ ಸರಳನ್ನು ಮೆಲ್ಲಗೆ ಒತ್ತಿ ಬಿಟ್ಟ. ಸುನಂದಮ್ಮ ಇನ್ನೊಮ್ಮೆ ಎಂದರು. ಇನ್ನೊಮ್ಮೆ. ಬಿರಡೆಗಳ ಕೆಳಗೆ ತಂತಿಗಳು ಹಾಯುವ ಬಿಳಿಯ ಪಟ್ಟಿಯಲ್ಲಿ, ದಪ್ಪ ತಂತಿಯ ಗೀರಿನೊಳಗೆ, ಟಿಕ್ ಎಂಬ ಚಿಕ್ಕ ಸದ್ದು. ಸಣ್ಣ ತಂತಿಗೆಂದು ಕೊರೆದ ಗೀರಿನಲ್ಲಿ ಈಗ ದಪ್ಪ ತಂತಿ ಸಿಕ್ಕಿಕೊಳ್ಳುತ್ತಿತ್ತು. ಸರಳು ಒತ್ತಿದಾಗ ಬಿರಡೆಯ ಕಡೆಗೆ ಸರಿದದ್ದು ಬಿಟ್ಟಾಗ ಪೂರ್ತಿ ವಾಪಸು ಬರುತ್ತಿರಲಿಲ್ಲ.

"ಇಲ್ಲಿ ಕಚ್ಚುತದೆ," ಎಂದು ಬೆರಳಿಟ್ಟು ತೋರಿಸಿದರು.

ಆಮೇಲಿನದು ನಂಜಣ್ಣನ ಕೈಗೆ ಸೇರಿದ ಕೆಲಸ. ಗೀರು ಒಂದಿಷ್ಟು ಹೆಚ್ಚು ಆಳವಾದರೆ ತಂತಿ ಮೆಟ್ಟಿಲಿಗೆ ತಾಗಿ ಗರಗರ ಅನ್ನುತ್ತದೆ, ಪಟ್ಟಿಯೇ ಹಾಳು, ಅಂಥದ್ದು ಇಲ್ಲಿ ಸಿಗುವುದಿಲ್ಲ. ತಕ್ಕಡಿಯ ದಂಡಿ ಸವೆಸುವ ತೆಳ್ಳನೆಯ ಅರವನ್ನು ತೆಗೆದು, ಆಳಕ್ಕಿಳಿಸದೆ, ಅಕ್ಕಪಕ್ಕದ ಗೋಡೆಗಳನ್ನಷ್ಟೇ ಎರಡೆರಡು ಸಲ ಉಜ್ಜಿದರು. ತಂತಿ ಕೂರಿಸಿ ನೋಡಿದರು, ತೆಗೆದು ಮತ್ತೆ ಉಜ್ಜಿದರು. ಕೊನೆಗೆ ಪೆನ್ಸಿಲಿನ ಸೀಸವನ್ನು ಗೀರಿನೊಳಗೆ ಮೆತ್ತಿದರು. ಪುಟ್ಟಸ್ವಾಮಿ ಬಾಗಿಲ ಸಂದಿಯಿಂದ ರಸ್ತೆ ನೋಡುತ್ತ ನಿಂತಿದ್ದ. ಅವನ ಬೆವರು ಒರೆಸುವವರು ಯಾರೂ ಇರಲಿಲ್ಲ, ಪಾಪ.

ವ್ಯಾನು ಬಂದು ಹಾರನ್ನು ಹೊಡೆದಾಗ ದಪ್ಪ ತಂತಿಯ ಯಜಮಾನ ಇನ್ನೂ ಸ್ವರಕ್ಕೆ ಏರುತ್ತಿದ್ದ. ಮಹದೇವಪ್ಪ ಇಳಿದು ಬಂದು ಹೊಸ್ತಿಲಲ್ಲೇ ನಿಂತರು. ಪುಟ್ಟಸ್ವಾಮಿ ಗಿಟಾರನ್ನು ಎತ್ತಿಕೊಂಡ, ಸರಳಿನ ಮೇಲೆ ಕೈಯಿಟ್ಟ, ಆದರೆ ಒತ್ತಲಿಲ್ಲ. ಸುನಂದಮ್ಮನ ಮುಖ ನೋಡಿದ.

"ಒತ್ತು, ಏನಾಗಾಕಿಲ್ಲ," ಎಂದರು ಅವರು.

ಸ್ವರ ಜಾರಿತು, ಆಳಕ್ಕಿಳಿಯಿತು, ಬಿಟ್ಟ ಕೂಡಲೇ ಮೇಲೇರಿ ತನ್ನ ಜಾಗದಲ್ಲಿ ನಿಂತಿತು. ಮತ್ತೆ ಒತ್ತಿದ, ಮತ್ತೆ ಬಂತು. ಪುಟ್ಟಸ್ವಾಮಿ ನಕ್ಕುಬಿಟ್ಟ. ಮಹದೇವಪ್ಪ ಅಷ್ಟಕ್ಕೆ ಒಪ್ಪುವ ಆಸಾಮಿಯಲ್ಲ.

"ಇಲ್ಲೇನೋ ಸರಿಯದೆ. ಪಿರಿಯಾಪಟ್ಟಣದ ರಸ್ತೇಲಿ ಕುಲುಕಾಡಿ ಕೆಟ್ರೆ ಯಾರ್ನ ಕೇಳ್ಲಿ? ರಿಪೇರಿ ಮಾಡ್ದೋರು ಗಾಡಿ ಹತ್ಲಿ. ನಂಜಣ್ಣ, ನಡೀರಿ."

"ಕೈ ನಂದು ಸ್ವಾಮಿ, ಕಿವಿ ಇವಳ್ದು," ಎಂದರು ನಂಜಣ್ಣ. "ನಾನೊಬ್ನೇ ಬಂದು ಅಲ್ಲೇನು ಮಾಡ್ಲಿ? ತಕ್ಕಡಿ ತೂಗ್ಲಾ? ಕರ್ಕೊಂಡೋಗೋದಾದ್ರೆ ಇವಳ್ನ ಕರ್ಕೊಂಡೋಗಿ."

ಹೀಗೆ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಅಂಗಡಿಯ ಎದುರಿನ ಹತ್ತಾರು ಜನ ನೋಡುತ್ತಿದ್ದಂತೆ, ಸುನಂದಮ್ಮ ತಮ್ಮ ಆರು ರೀಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಆರ್ಕೆಸ್ಟ್ರಾದ ವ್ಯಾನಿನಲ್ಲಿ ಡ್ರಮ್ಮುಗಳ ನಡುವೆ ಕೂತು ಹೊರಟರು. ಪಕ್ಕದಲ್ಲಿ ನಂಜಣ್ಣನೂ ಇದ್ದರೆಂಬುದನ್ನು ಹೇಳಲೇಬೇಕು, ಇಲ್ಲದಿದ್ದರೆ ಅವರು ಬೇಸರ ಮಾಡಿಕೊಳ್ಳುತ್ತಾರೆ.

ಪಿರಿಯಾಪಟ್ಟಣದಲ್ಲಿ ಸಹಕಾರ ಸಂಘದ ಹೊಸ ಕಟ್ಟಡದ ಮುಂದೆ ಚಪ್ಪರ ಹಾಕಿತ್ತು. ಗಂಡ ಹೆಂಡತಿ ವೇದಿಕೆಯ ಪಕ್ಕದಲ್ಲಿ, ಪರದೆಯ ಹಿಂದೆ, ಖಾಲಿ ಪೆಟ್ಟಿಗೆಗಳ ಮೇಲೆ ಕೂತರು. ಪುಟ್ಟಸ್ವಾಮಿ ಮೂರನೇ ಹಾಡಿಗೆ ಸರಳಿಗೆ ಕೈಹಾಕಿದ, ಜನ ಶಿಳ್ಳೆ ಹೊಡೆದರು. ಕೊನೆಯ ಹಾಡಿನವರೆಗೂ ಅವನು ಒಮ್ಮೆಯೂ ಪರದೆಯ ಕಡೆಗೆ ತಿರುಗಿ ನೋಡಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಮಹದೇವಪ್ಪ ಅವನ ಬೆನ್ನು ತಟ್ಟಲಿಲ್ಲ, ಹೊಗಳಲಿಲ್ಲ. "ಶನಿವಾರ ಹೆಗ್ಗಡದೇವನಕೋಟೇಲಿ ಪ್ರೋಗ್ರಾಮು ಅದೆ, ಬಂದ್ಬುಡು," ಎಂದಷ್ಟೇ ಹೇಳಿ ಮೈಕಿನ ತಂತಿ ಸುತ್ತತೊಡಗಿದರು. ಪುಟ್ಟಸ್ವಾಮಿ ಮಾತ್ರ ಪರದೆಯ ಹಿಂದೆ ಓಡಿಬಂದು ಸುನಂದಮ್ಮನ ಕಾಲಿಗೆ ಬಗ್ಗಿದ.

ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ನೀರು ಹಾಕುತ್ತಿದ್ದ ಸುನಂದಮ್ಮನನ್ನು ಹಾಡುಗಾರಿಕೆ ಹೇಗಿತ್ತು ಎಂದು ಕೇಳಿದರೆ, ಅವರು ಚೊಂಬು ಕೆಳಗಿಟ್ಟು ಲೆಕ್ಕ ಒಪ್ಪಿಸುವವರಂತೆ ಶುರು ಮಾಡುತ್ತಾರೆ.

"ಆ ಹಾರ್ಮೋನೀಲಿ ಒಂದು ರೀಡು ಕೆಟ್ಟದೆ ಕಣ್ರೀ, ಯಾರೂ ನೋಡಿಲ್ಲ. ಹಾಡೋ ಹುಡುಗಿ ಮೇಲಕ್ಕೋದಾಗ ಒಂಚೂರು ಇಳೀತಾಳೆ. ಕೊಳಲಿನವ್ನು ಅರ್ಜೆಂಟು. ನಂಗೆ ಇದೇ ಪೀಕಲಾಟ. ಎಲ್ರೂ ಹಾಡು ಕೇಳಿದ್ರೆ ನಂಗೆ ತಪ್ಪು ಕೇಳ್ತದೆ. ಒಂದೇ ಒಂದು ಹಾಡ ಮೊದ್ಲಿಂದ ಕೊನೆಗಂಟ ಹಂಗೇ ಸುಮ್ನೆ ಕೇಳಬೇಕು ಅಂತ ಆಸೆ. ಇನ್ನೂ ಆಗಿಲ್ಲ."

ಮತ್ತೆ ಗಿಟಾರು?

ಸುನಂದಮ್ಮ ಚೊಂಬಿಗೆ ಬಗ್ಗಿದವರು ಹಾಗೇ ನಿಲ್ಲುತ್ತಾರೆ. ಯೋಚಿಸುತ್ತಾರೆ. ಅವರಿಗೇ ಆಶ್ಚರ್ಯವಾದಂತಿದೆ.

"ಗಿಟಾರಾ? ಅದು ಇತ್ತು ಅನ್ನೋದೇ ಮರ್ತೋಗಿತ್ತು ಕಣ್ರೀ."